ನೀರು ಹಾಕಿದರೆ ಹೆಚ್ಚಾಗುವ ಬೆಂಕಿ: ಲೋಹದ ಪುಡಿ, ಸ್ಪಾಂಜ್ ಐರನ್, ಪಟಾಕಿ ಇಟ್ಟುಕೊಳ್ಳುವವರು ತಿಳಿದಿರಬೇಕಾದ ನಿಯಮಗಳು

ಹೊಸಪೇಟೆ: ಬೆಂಕಿ ಹತ್ತಿತು ಅಂದರೆ ನಮ್ಮ ಮಂದಿ ಮೊದಲು ಹುಡುಕೋದು ನೀರಿನ ಕೊಡ. ಗುಡಿಸಲು, ಹುಲ್ಲಿನ ಬಣವೆ, ಬಟ್ಟೆ ಅಂಗಡಿಗೆ ಅದು ಸರಿ. ಆದರೆ ಹೊಸಪೇಟೆ, ಸಂಡೂರು, ಕಂಪ್ಲಿ ಭಾಗದ ಹಲವು ಶೆಡ್, ಗೋದಾಮು, ಗ್ಯಾರೇಜ್‌ಗಳಲ್ಲಿ ನೀರು ಬಿದ್ದರೆ ಹೆಚ್ಚಾಗುವಂಥ ವಸ್ತುಗಳಿವೆ. ಅಲ್ಯೂಮಿನಿಯಂ ಪುಡಿ, ಮೆಗ್ನೀಸಿಯಂ ತುಂಡು, ಸ್ಪಾಂಜ್ ಐರನ್, ಕಾಲೇಜು ಲ್ಯಾಬಿನ ಸೋಡಿಯಂ ಎಲ್ಲ ಈ ಗುಂಪಿನವು. ಇವುಗಳ ಬೆಂಕಿಗೆ ಬಕೆಟ್ ನೀರು ಎರಚಿದವರೇ ಮೊದಲು ಸುಟ್ಟುಕೊಳ್ಳುತ್ತಾರೆ.

ಗಣಿ, ಸ್ಟೀಲ್, ಲಾರಿ ಬಾಡಿ ಕಟ್ಟುವುದು, ಫ್ಯಾಬ್ರಿಕೇಶನ್, ಗುಜರಿ, ಹಬ್ಬದ ಪಟಾಕಿ ಎಲ್ಲವೂ ಒಂದೇ ಸೀಮೆಯಲ್ಲಿ ಇರೋದರಿಂದ ಇಲ್ಲಿನ ಅಂಗಡಿಯವರಿಗೂ ಕೆಲಸಗಾರರಿಗೂ ಈ ವಿಷಯ ಗೊತ್ತಿರಬೇಕು. ಯಾವುದನ್ನು ಹೇಗೆ ಇಡಬೇಕು, ಕಾನೂನು ಏನು ಹೇಳುತ್ತೆ, ಬೆಂಕಿ ಬಿದ್ದರೆ ಮೊದಲು ಏನು ಮಾಡಬೇಕು ಎಂಬ ವಿವರ ಇಲ್ಲಿದೆ.

ಯಾವ ಲೋಹ ಉರಿಯುತ್ತೆ, ಯಾವುದು ಉರಿಯಲ್ಲ?

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಸಂಡೂರು ರಸ್ತೆಯ ತುಂಬ ಹಾರುವ ಕೆಂಪು ಧೂಳು ಕಬ್ಬಿಣದ ಅದಿರಿನದು. ಅದು ಉರಿಯಲ್ಲ. ಅದಿರು ಅಂದರೆ ಆಗಲೇ ಆಮ್ಲಜನಕದ ಜತೆ ಸೇರಿಕೊಂಡಿರುವ ಕಬ್ಬಿಣ, ಒಂದು ಲೆಕ್ಕದಲ್ಲಿ ತುಕ್ಕಿನ ಅಣ್ಣ. ಅದಿರಿನ ಧೂಳಿನಿಂದ ಶ್ವಾಸಕೋಶಕ್ಕೆ ತೊಂದರೆ ಇದೆ, ಬೆಂಕಿಯ ಭಯ ಇಲ್ಲ.

ಅದೇ ಅದಿರಿನಿಂದ ಆಮ್ಲಜನಕ ತೆಗೆದು ಕಬ್ಬಿಣ ಮಾಡಿದ ಮೇಲೆ ಕಥೆ ಬದಲಾಗುತ್ತೆ. ಲೋಹ ಶುದ್ಧವಾದಷ್ಟೂ ಆಮ್ಲಜನಕವನ್ನು ಮತ್ತೆ ಎಳೆದುಕೊಳ್ಳೋಕೆ ನೋಡುತ್ತೆ. ಗಟ್ಟಿ ಸರಳು, ಪ್ಲೇಟು ಆದರೆ ಹೊರಗಿನ ಮೈ ಮಾತ್ರ ಗಾಳಿಗೆ ಸಿಗುತ್ತೆ, ಹಾಗಾಗಿ ನಿಧಾನಕ್ಕೆ ತುಕ್ಕು ಹಿಡಿಯುತ್ತೆ. ಅದನ್ನೇ ಪುಡಿ ಮಾಡಿದರೆ ಒಂದೊಂದು ಕಣದ ಸುತ್ತಲೂ ಗಾಳಿ. ಆಗ ವರ್ಷಗಟ್ಟಲೆ ಆಗುವ ಕೆಲಸ ಕ್ಷಣದಲ್ಲಿ ಮುಗಿಯುತ್ತೆ, ಅಷ್ಟೂ ಶಾಖ ಒಟ್ಟಿಗೇ ಹೊರಬರುತ್ತೆ. ಸೌದೆಯ ಬೊಡ್ಡೆಗೆ ಕಡ್ಡಿ ಗೀರಿದರೆ ಹತ್ತಲ್ಲ, ಸಿಬಿರು ಮಾಡಿದರೆ ಹತ್ತುತ್ತೆ. ಲೋಹಕ್ಕೂ ಅದೇ ನಿಯಮ.

ಹಾಗಾಗಿ ಕೇಳಬೇಕಾದ ಪ್ರಶ್ನೆ "ಯಾವ ಲೋಹ" ಎಂಬುದೊಂದೇ ಅಲ್ಲ. "ಎಷ್ಟು ಸಣ್ಣಗಿದೆ, ಎಷ್ಟು ಒಣಗಿದೆ, ಎಲ್ಲಿ ಕೂತಿದೆ" ಅನ್ನುವುದನ್ನೂ ನೋಡಬೇಕು. ಅಲ್ಯೂಮಿನಿಯಂ ಪಾತ್ರೆ ಒಲೆ ಮೇಲಿಟ್ಟರೂ ಉರಿಯಲ್ಲ. ಅದೇ ಅಲ್ಯೂಮಿನಿಯಂನ ನಯವಾದ ಪುಡಿ ಪಟಾಕಿಗೆ ಬೆಳಕು ಕೊಡುತ್ತೆ.

ನೀರು ಯಾಕೆ ಬೇಡ

ಬೆಂಕಿಯನ್ನು ವರ್ಗ ಮಾಡಿರೋದು ಎಲ್ಲರಿಗೂ ಗೊತ್ತಿರಲ್ಲ. ಕಟ್ಟಿಗೆ, ಬಟ್ಟೆ, ಕಾಗದದ ಬೆಂಕಿ ಎ ವರ್ಗ. ಡೀಸೆಲ್, ಪೆಟ್ರೋಲ್, ಪೇಂಟು ಬಿ ವರ್ಗ. ಗ್ಯಾಸ್ ಸಿ ವರ್ಗ. ಉರಿಯುವ ಲೋಹಗಳದ್ದು ಡಿ ವರ್ಗ. ಬೆಂಕಿ ನಂದಿಸುವ ಸಾಧನಗಳ ಬಗೆಗಿನ ಭಾರತೀಯ ಮಾನಕ ಐಎಸ್ 2190 ಕೂಡ ಲೋಹದ ಬೆಂಕಿಯನ್ನು ಡಿ ಎಂದು ಬೇರೆಯಾಗಿಯೇ ಇಟ್ಟಿದೆ. ಅಂಗಡಿಗಳಲ್ಲಿ ತೂಗುಹಾಕಿರುವ ಕೆಂಪು ಸಿಲಿಂಡರ್ ಸಾಮಾನ್ಯವಾಗಿ ಎಬಿಸಿ ಪೌಡರಿನದು. ಹೆಸರಲ್ಲೇ ಡಿ ಇಲ್ಲ, ನೋಡಿ.

ಉರಿಯುವ ಮೆಗ್ನೀಸಿಯಂ, ಅಲ್ಯೂಮಿನಿಯಂ ಮೇಲೆ ನೀರು ಬಿದ್ದರೆ ಲೋಹ ನೀರಿನೊಳಗಿನ ಆಮ್ಲಜನಕವನ್ನೂ ಕಿತ್ತುಕೊಳ್ಳುತ್ತೆ. ಉಳಿಯೋದು ಹೈಡ್ರೋಜನ್ ಅನಿಲ. ಗಾಳಿಯಲ್ಲಿ ಅದು ಶೇ 4 ಸೇರಿದರೂ ಸಾಕು, ಕಿಡಿ ಸಿಕ್ಕರೆ ಹೊತ್ತಿಕೊಳ್ಳುತ್ತೆ. ಜೊತೆಗೆ ನೀರು ಒಮ್ಮೆಲೇ ಹಬೆಯಾಗಿ ಉಬ್ಬಿ, ಕರಗಿದ ಲೋಹವನ್ನು ಸುತ್ತ ಸಿಡಿಸುತ್ತೆ.

ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೂಡ ಬೇಡ. ಉರಿಯುವ ಮೆಗ್ನೀಸಿಯಂ ಆ ಅನಿಲದಿಂದಲೂ ಆಮ್ಲಜನಕ ಎಳೆದುಕೊಂಡು ಉರಿಯುತ್ತಲೇ ಇರುತ್ತೆ. ಎಬಿಸಿ ಪೌಡರನ್ನು ಜೋರಾಗಿ ಊದಿದರೆ ಕೆಳಗಿನ ಲೋಹದ ಪುಡಿ ಮೇಲೆದ್ದು ಇನ್ನೊಂದು ದೊಡ್ಡ ಬೆಂಕಿ ಆಗಬಹುದು.

ಬೇಕಾದ್ದು ಇಷ್ಟು: ಪೂರ್ತಿ ಒಣಗಿದ ಉಸುಕು, ಒಣ ಉಪ್ಪು, ಅಥವಾ ಲೋಹದ ಬೆಂಕಿಗೆಂದೇ ಮಾಡಿದ ಡಿ ವರ್ಗದ ಪೌಡರ್. ಮಾರುಕಟ್ಟೆಯಲ್ಲಿ ಇದನ್ನು ಟಿಇಸಿ ಪೌಡರ್ ಅಂತಲೂ ಕರೆಯುತ್ತಾರೆ. ಇದನ್ನು ಎರಚಬಾರದು. ಉದ್ದ ಹಿಡಿಕೆಯ ಸಲಿಕೆಯಿಂದ ಮೆಲ್ಲಗೆ ಮೇಲೆ ಹೊದಿಸಬೇಕು. ಹೊಳೆಯಿಂದ ಈಗಷ್ಟೇ ತಂದ ಹಸಿ ಉಸುಕು ಹಾಕಿದರೆ ನೀರು ಹಾಕಿದ ಹಾಗೇ.

ಸ್ಪಾಂಜ್ ಐರನ್: ತಾನಾಗೇ ಬಿಸಿಯಾಗುವ ಸರಕು

ಬಳ್ಳಾರಿ, ವಿಜಯನಗರ, ಕೊಪ್ಪಳ ಈ ಮೂರು ಜಿಲ್ಲೆಯ ರಸ್ತೆಗಳಲ್ಲಿ ಲಾರಿ ಓಡಿಸುವವರಿಗೆ ಸ್ಪಾಂಜ್ ಹೊಸದಲ್ಲ. ಅದಿರನ್ನು ಕಲ್ಲಿದ್ದಲಿನ ಜತೆ ಉದ್ದನೆಯ ತಿರುಗುವ ಕಿಲ್ನ್‌ನಲ್ಲಿ ಸುಮಾರು 1,000 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕಾಯಿಸಿದಾಗ, ಅದಿರು ಕರಗದೆಯೇ ಅದರೊಳಗಿನ ಆಮ್ಲಜನಕ ಹೊರಟುಹೋಗುತ್ತೆ. ಆಮ್ಲಜನಕ ಹೋದ ಜಾಗ ಖಾಲಿ ರಂಧ್ರ ಆಗಿ ಉಳಿಯುತ್ತೆ. ಹಾಗಾಗಿ ಆ ಹೆಸರು.

ಅಪಾಯ ಆ ರಂಧ್ರದಲ್ಲೇ ಇದೆ. ಒಳಗೆಲ್ಲ ಗಾಳಿ ಹೋಗೋದರಿಂದ ಸ್ಪಾಂಜ್ ಮತ್ತೆ ತುಕ್ಕಾಗೋಕೆ ಶುರು ಮಾಡುತ್ತೆ, ಬಿಸಿ ಹುಟ್ಟುತ್ತೆ. ಗುಡ್ಡೆ ದೊಡ್ಡದಿದ್ದರೆ ಆ ಬಿಸಿ ಹೊರಗೆ ಹೋಗದೆ ಒಳಗೇ ಸೇರಿ ಕೆಂಡವಾಗುತ್ತೆ. ಮಳೆ ನೀರು ಸೇರಿದರೆ ಕೆಲಸ ಇನ್ನೂ ಚುರುಕು, ಜತೆಗೆ ಹೈಡ್ರೋಜನ್ ಕೂಡ ಬರುತ್ತೆ.

ಇದು ಬರೀ ಭಯದ ಮಾತಲ್ಲ. 2003ರಲ್ಲಿ ಅದಮಂದಾಸ್ ಎಂಬ ಹಡಗು ಇದೇ ಜಾತಿಯ ಕಬ್ಬಿಣ ತುಂಬಿಕೊಂಡು ಹಿಂದೂ ಮಹಾಸಾಗರದಲ್ಲಿ ಹೋಗುತ್ತಿದ್ದಾಗ ಸರಕು ಬಿಸಿಯಾಗತೊಡಗಿತು. ತಣ್ಣಗಾಗಿಸುವ ದಾರಿ ಕಾಣದೆ ಫ್ರೆಂಚ್ ನೌಕಾಪಡೆ ರಿಯೂನಿಯನ್ ದ್ವೀಪದ ಬಳಿ ಹಡಗನ್ನೇ ಮುಳುಗಿಸಿತು. 2004ರಲ್ಲಿ ಇಥಾನ್ ಎಂಬ ಇನ್ನೊಂದು ಹಡಗು ಇಂಥದ್ದೇ ಕಬ್ಬಿಣದ ಪುಡಿ ಒಯ್ಯುವಾಗ ಕೊಲಂಬಿಯಾ ಕರಾವಳಿ ಹತ್ತಿರ ಸ್ಫೋಟಗೊಂಡಿತು, ಸಿಬ್ಬಂದಿ ಸತ್ತರು. ಆ ನಂತರ ಹಡಗು ಸಾಗಣೆಯ ಅಂತಾರಾಷ್ಟ್ರೀಯ ನಿಯಮಗಳು ಇನ್ನಷ್ಟು ಬಿಗಿಯಾದವು. ಸರಕು 65 ಡಿಗ್ರಿಗಿಂತ ಬಿಸಿ ಇದ್ದರೆ ಹಡಗಿಗೆ ಏರಿಸುವ ಹಾಗಿಲ್ಲ. ಸರಕಿನ ಮೇಲೆ ನೈಟ್ರೋಜನ್‌ನಂಥ ಜಡ ಅನಿಲ ತುಂಬಿರಬೇಕು, ಹೈಡ್ರೋಜನ್ ಎಷ್ಟಿದೆ ಅಂತ ಅಳೆಯುತ್ತಿರಬೇಕು.

ಹಡಗಿನ ನಿಯಮ ಲಾರಿಗೆ ಹಾಗೇ ಅನ್ವಯ ಆಗಲ್ಲ. ಆದರೆ ಅಳತೆಗೋಲು ಅದೇ ಇಟ್ಟುಕೊಂಡರೆ ತಪ್ಪಿಲ್ಲ:

- ಕೈಯಿಟ್ಟರೆ ಸುಡುವಷ್ಟು ಬಿಸಿ ಇರುವ ಸ್ಪಾಂಜ್ ಲೋಡ್ ಮಾಡಿಸಿಕೊಳ್ಳಬೇಡಿ. ಪ್ಲಾಂಟ್‌ನಲ್ಲಿ ಥರ್ಮಾಮೀಟರ್ ಹಿಡಿದು ತೋರಿಸಿ ಅಂತ ಕೇಳುವ ಹಕ್ಕು ಡ್ರೈವರ್‌ಗೆ ಇದೆ.
- ತೊಳೆದ ಲಾರಿ ಪೂರ್ತಿ ಒಣಗಿದ ಮೇಲೆಯೇ ಲೋಡ್ ಆಗಬೇಕು. ತೊಟ್ಟಿಯ ತಳದಲ್ಲಿ ನಿಂತ ಒಂದು ತಂಬಿಗೆ ನೀರೂ ಬೇಡ.
- ಟಾರ್ಪಾಲಿನ್ ತೂತು ಇದ್ದರೆ ಮಳೆಗಾಲದಲ್ಲಿ ಆ ಟ್ರಿಪ್ ಬೇಡ.
- ಗೋದಾಮಿನಲ್ಲಿ ಸೂರು ಸೋರಬಾರದು, ನೆಲಕ್ಕೆ ತೇವ ಏರಬಾರದು. ಗುಡ್ಡೆ ಎತ್ತರ ಮಾಡಬೇಡಿ, ಹಳೆ ಸರಕು ಮೊದಲು ಖಾಲಿ ಮಾಡಿ.
- ಸ್ಪಾಂಜ್ ಪುಡಿಯನ್ನು ಗಟ್ಟಿಯಿಂದ ಬೇರೆ ಇಡಿ. ಪುಡಿ ಬೇಗ ಬಿಸಿಯಾಗುತ್ತೆ.
- ಗುಡ್ಡೆಯಲ್ಲಿ ಒಂದು ಕಡೆ ಹೊಗೆ, ಹಬೆ ಕಂಡರೆ ನೀರು ಬಿಡಬೇಡಿ. ಆ ಭಾಗವನ್ನು ಲೋಡರ್‌ನಿಂದ ಬೇರೆ ಮಾಡಿ, ಒಣ ನೆಲದಲ್ಲಿ ತೆಳ್ಳಗೆ ಹರಡಿ, ಒಣ ಉಸುಕು ಹೊದಿಸಿ.
- ಮುಚ್ಚಿದ ಸೈಲೋ, ಬಂಕರ್ ಒಳಗೆ ಇಳಿಯೋದು ಅತಿ ದೊಡ್ಡ ಅಪಾಯ. ಸ್ಪಾಂಜ್ ಒಳಗಿನ ಗಾಳಿಯ ಆಮ್ಲಜನಕ ಕುಡಿದುಬಿಟ್ಟಿರುತ್ತೆ. ಇಳಿದವನು ಕೂಗೋಕೂ ಮುಂಚೆ ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ಗಾಳಿ ಪರೀಕ್ಷೆ, ಹಗ್ಗ, ಮೇಲೆ ನಿಂತ ಕಾವಲು ಈ ಮೂರೂ ಇಲ್ಲದೆ ಯಾರೂ ಇಳಿಯಬಾರದು.

ಫೆರೋಸಿಲಿಕಾನ್ ಚೀಲ ಇಡುವವರಿಗೂ ಒಂದು ಮಾತು. ಅದು ಒದ್ದೆಯಾದರೆ ಹೈಡ್ರೋಜನ್ ಜತೆಗೆ ವಿಷಾನಿಲವೂ ಬರುತ್ತೆ. ಒಣ ಜಾಗ, ಗಾಳಿ ಆಡುವ ಶೆಡ್ ಎರಡೂ ಬೇಕು.

ಅಲ್ಯೂಮಿನಿಯಂ ಅಂಗಡಿ, ಫ್ಯಾಬ್ರಿಕೇಶನ್ ಶೆಡ್

ಕಿಟಕಿ, ಪಾರ್ಟಿಶನ್, ಲಾರಿ ಬಾಡಿ ಮಾಡುವ ಕಡೆ ಅಲ್ಯೂಮಿನಿಯಂ ಕೊಯ್ಯುವಾಗ ಬೀಳುವ ಸಿಬಿರು ಅಷ್ಟು ಅಪಾಯ ಅಲ್ಲ. ತಿಕ್ಕುವಾಗ, ಪಾಲಿಶ್ ಹೊಡೆಯುವಾಗ ಬರುವ ಬೂದಿ ಬಣ್ಣದ ನುಣುಪು ಧೂಳು ಅಪಾಯ. 2014ರ ಆಗಸ್ಟ್ 2ರಂದು ಚೀನಾದ ಕುನ್‌ಶಾನ್‌ನಲ್ಲಿ ಕಾರಿನ ಚಕ್ರ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಇದೇ ಧೂಳು ಸ್ಫೋಟಿಸಿ 70ಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡವರಲ್ಲಿ ಅನೇಕರು ಆಮೇಲೆ ತೀರಿಕೊಂಡರು. ಅಲ್ಲಿ ಬಾಂಬು, ಗ್ಯಾಸು ಏನೂ ಇರಲಿಲ್ಲ. ಗುಡಿಸದೆ ಬಿಟ್ಟ ಧೂಳು ಇತ್ತು.

ಧೂಳಿನ ಸ್ಫೋಟ ಹೇಗೆ ಆಗುತ್ತೆ ಅಂದರೆ, ಮೊದಲು ಎಲ್ಲೋ ಸಣ್ಣ "ಢಬ್". ಆ ಹೊಡೆತಕ್ಕೆ ತೊಲೆ, ಫ್ಯಾನ್, ಶೆಡ್ಡಿನ ಪೈಪಿನ ಮೇಲೆ ತಿಂಗಳುಗಟ್ಟಲೆ ಕೂತ ಧೂಳೆಲ್ಲ ಒಟ್ಟಿಗೆ ಕೆಳಗಿಳಿಯುತ್ತೆ. ಎರಡನೇ ಬೆಂಕಿ ಅದಕ್ಕೆ. ಶೆಡ್ ಎತ್ತಿ ಹಾಕೋದು ಈ ಎರಡನೆಯದು. ಇದಕ್ಕೆ ಒಂದು ಮಿಲಿಮೀಟರ್‌ಗಿಂತ ತೆಳುವಾದ ಪದರವೂ ಸಾಕು. ತೊಲೆ ಮೇಲೆ ಬೆರಳಿನಿಂದ ಹೆಸರು ಬರೆಯಲು ಬಂದರೆ ಗುಡಿಸುವ ಹೊತ್ತು ಮೀರಿದೆ ಅಂತಲೇ ಅರ್ಥ.

1948ರ ಕಾರ್ಖಾನೆ ಕಾಯ್ದೆಯ 37ನೇ ಸೆಕ್ಷನ್ ಇಂಥ ಧೂಳಿನ ಬಗ್ಗೆ ಮೂರು ಮಾತು ಹೇಳಿತ್ತು. ಧೂಳು ಹುಟ್ಟುವ ಯಂತ್ರ ಮುಚ್ಚಿರಬೇಕು. ಧೂಳು ಸೇರದಂತೆ ತೆಗೆಯುತ್ತಿರಬೇಕು. ಕಿಡಿ, ಬೆಂಕಿ ಹತ್ತಿರ ಬರಬಾರದು. ಈಗ ಕಾರ್ಮಿಕ ಸಂಹಿತೆಗಳು ಬಂದಿವೆ, ಆದರೂ ಈ ಮೂರು ಮಾತು ಹಳತಾಗಿಲ್ಲ. ಇಬ್ಬರೇ ಕೆಲಸ ಮಾಡುವ ಶೆಡ್ ಕಾರ್ಖಾನೆ ಲೆಕ್ಕಕ್ಕೆ ಬಾರದೇ ಇರಬಹುದು. ಧೂಳಿಗೆ ಆ ಲೆಕ್ಕ ಗೊತ್ತಿಲ್ಲ.

ಶೆಡ್ಡಿನವರು ಪಾಲಿಸಬೇಕಾದ್ದು:

- ಕಂಪ್ರೆಸರ್ ಗಾಳಿ ಹಿಡಿದು ಧೂಳು ಊದಬೇಡಿ. ಮೆತ್ತನೆ ಕುಂಚ, ಕಿಡಿ ಹುಟ್ಟಿಸದ ಸಲಿಕೆ ಬಳಸಿ ದಿನಾ ತೆಗೆಯಿರಿ. ಮನೆ ಬಳಕೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಮೋಟಾರಿನಲ್ಲೇ ಕಿಡಿ ಇರುತ್ತೆ.
- ಕಬ್ಬಿಣ ತಿಕ್ಕುವ ಗ್ರೈಂಡರ್‌ನಲ್ಲೇ ಅಲ್ಯೂಮಿನಿಯಂ ತಿಕ್ಕಬೇಡಿ. ತುಕ್ಕು ಮತ್ತು ಅಲ್ಯೂಮಿನಿಯಂ ಪುಡಿ ಬೆರೆತರೆ ಅದು ಥರ್ಮಿಟ್. ರೈಲು ಹಳಿ ಬೆಸೆಯೋಕೆ ರೈಲ್ವೆಯವರು ಬಳಸೋದು ಇದೇ ಜೋಡಿಯನ್ನು, ಅದರ ಶಾಖ 2,000 ಡಿಗ್ರಿ ದಾಟುತ್ತೆ. ಗ್ರೈಂಡರ್ ಬಾಕ್ಸಿನಲ್ಲಿ ಎರಡೂ ಸೇರಿದ್ದರೆ ಒಂದು ಕಿಡಿ ಸಾಕು.
- ತೆಗೆದ ಧೂಳನ್ನು ಮುಚ್ಚಳದ ಒಣ ತಗಡಿನ ಡಬ್ಬಿಯಲ್ಲಿ ಹಾಕಿ ಶೆಡ್ಡಿನ ಹೊರಗಿಡಿ. ಒದ್ದೆ ಧೂಳನ್ನು ಬಿಗಿಯಾಗಿ ಮುಚ್ಚಿಟ್ಟರೆ ಒಳಗೆ ಹೈಡ್ರೋಜನ್ ತುಂಬಿ ಡಬ್ಬಿ ಉಬ್ಬುತ್ತೆ.
- ಎಣ್ಣೆ ಹತ್ತಿದ ಸಿಬಿರು, ಬನಿಯನ್ ಚಿಂದಿ ಒಂದೇ ಮೂಲೆಯಲ್ಲಿ ಗುಡ್ಡೆ ಹಾಕಬೇಡಿ.
- ಸಿಲ್ವರ್ ಪೇಂಟ್, ಥಿನ್ನರ್ ಡಬ್ಬಿಗಳು ಗ್ರೈಂಡರ್ ಇರುವ ಕೋಣೆಯಲ್ಲಿ ಇರಬಾರದು.

ವೆಲ್ಡಿಂಗ್ ಕಿಡಿ

2023ರ ಆಗಸ್ಟ್ 29ರಂದು ಹಾವೇರಿ ತಾಲ್ಲೂಕಿನ ಆಲದಕಟ್ಟಿ ಬಳಿ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಕೆಲಸಗಾರರು ಜೀವ ಕಳೆದುಕೊಂಡರು. ಗೋದಾಮಿನಲ್ಲಿ ನಡೆಯುತ್ತಿದ್ದ ವೆಲ್ಡಿಂಗ್ ಕೆಲಸದ ಕಿಡಿಯೇ ಕಾರಣ ಎಂದು ಆಗ ವರದಿಯಾಗಿತ್ತು. ಸರಕು ಒಳಗಿಟ್ಟುಕೊಂಡು ಬಾಗಿಲು, ತಗಡು ಬೆಸೆಸುವ ಅಭ್ಯಾಸ ಎಲ್ಲ ಊರಲ್ಲೂ ಇದೆ. "ಐದು ನಿಮಿಷದ ಕೆಲಸ" ಅಂತಲೇ ವೆಲ್ಡರ್‌ನ ಕರೆಸುತ್ತಾರೆ.

ಕಿಡಿ ಕಾಣದಂಗೆ ಹತ್ತಾರು ಅಡಿ ದೂರ ಉರುಳುತ್ತೆ, ಚೀಲದ ಸಂದಿಯಲ್ಲಿ ಕೂತು ಅರ್ಧ ಗಂಟೆ ಆದ ಮೇಲೂ ಹೊತ್ತಬಹುದು. ಆದ್ದರಿಂದ ಸುಮಾರು 11 ಮೀಟರ್ ಸುತ್ತಳತೆಯೊಳಗೆ ಉರಿಯುವ ವಸ್ತು ಇರಬಾರದು. ಕೆಲಸ ಮುಗಿದ ಮೇಲೆ ಕನಿಷ್ಠ ಅರ್ಧ ಗಂಟೆ ಒಬ್ಬರು ಅಲ್ಲೇ ಕೂತು ಕಾಯಬೇಕು. ಸಂಜೆ ಬಾಗಿಲು ಹಾಕುವ ಹೊತ್ತಿಗೆ ವೆಲ್ಡಿಂಗ್ ಮಾಡಿಸಲೇಬೇಡಿ.

ಡೀಸೆಲ್, ಪೆಟ್ರೋಲ್, ಸ್ಪಿರಿಟ್ ತುಂಬಿದ್ದ ಟ್ಯಾಂಕರ್, ಬ್ಯಾರಲ್ ಬೆಸೆಯುವ ಮುಂಚೆ ಒಳಗಿನ ಆವಿ ಪೂರ್ತಿ ತೆಗೆದಿರಬೇಕು. ಮೂಗಿಗೆ ವಾಸನೆ ಬರಲಿಲ್ಲ ಅನ್ನೋದು ಪರೀಕ್ಷೆ ಅಲ್ಲ. ಇದೂ ಅದೇ 37ನೇ ಸೆಕ್ಷನ್‌ನಲ್ಲಿ ಇದ್ದ ಮಾತು.

ಗ್ಯಾಸ್ ವೆಲ್ಡಿಂಗ್‌ಗೆ ಕಾರ್ಬೈಡ್ ಬಳಸುವವರು ಡಬ್ಬಿಯನ್ನು ನೆಲದಿಂದ ಮೇಲೆ, ಒಣಗಿರುವ ಕಡೆ ಇಡಬೇಕು. ನೀರು ತಾಗಿದರೆ ಅಸಿಟಿಲೀನ್ ಹುಟ್ಟುತ್ತೆ. ಮಾವು, ಬಾಳೆ ಹಣ್ಣು ಮಾಡೋಕೆ ಕಾರ್ಬೈಡ್ ಬಳಸುವುದಂತೂ ಆಹಾರ ಸುರಕ್ಷತಾ ನಿಯಮದ ಪ್ರಕಾರ ನಿಷೇಧ. ಹಾಗಾಗಿ ಹಣ್ಣಿನ ಮಂಡಿಯಲ್ಲಿ ಅದು ಇರಲೇಬಾರದು.

ಗುಜರಿ ಅಂಗಡಿ, ಕರಗಿಸುವ ಕುಲುಮೆ

ಗುಜರಿಗೆ ಬರುವ ಬೆಳ್ಳಿ ಬಣ್ಣದ ಭಾಗವೆಲ್ಲ ಅಲ್ಯೂಮಿನಿಯಂ ಅಲ್ಲ. ಕೆಲವು ಗೇರ್ ಬಾಕ್ಸ್ ಕವಚ, ಸ್ಟೀರಿಂಗ್ ಚಕ್ರದ ಒಳಕಟ್ಟು, ಮರ ಕೊಯ್ಯುವ ಗರಗಸದ ಬಾಡಿ ಮೆಗ್ನೀಸಿಯಂ ಮಿಶ್ರಲೋಹದ್ದು. ಗುರುತು ಹಿಡಿಯಲು ಎರಡು ಸುಲಭ ದಾರಿ ಇದೆ. ಅದೇ ಗಾತ್ರದ ಅಲ್ಯೂಮಿನಿಯಂಗಿಂತ ಮೂರನೇ ಒಂದು ಪಾಲು ಹಗುರ ಇರುತ್ತೆ. ಫೈಲ್‌ನಿಂದ ಕೆರೆದು ಹೊಳಪು ಬಂದ ಜಾಗಕ್ಕೆ ಒಂದು ಹನಿ ವಿನೆಗರ್ ಬಿಟ್ಟರೆ ಮೆಗ್ನೀಸಿಯಂ ನೊರೆ ಬರುತ್ತೆ, ಅಲ್ಯೂಮಿನಿಯಂ ಸುಮ್ಮನಿರುತ್ತೆ. ಮೆಗ್ನೀಸಿಯಂ ತುಂಡಿಗೆ ಗ್ಯಾಸ್ ಕಟ್ಟರ್ ಹಿಡಿಯಬಾರದು.

ಪಾತ್ರೆ ಕರಗಿಸುವ ಕುಲುಮೆಯವರಿಗೆ ಬೆಂಕಿಗಿಂತ ನೀರಿನ ಭಯ ಹೆಚ್ಚು. ಕರಗಿದ ಅಲ್ಯೂಮಿನಿಯಂಗೆ ಒದ್ದೆ ಗುಜರಿ, ಮುಚ್ಚಿದ ಡಬ್ಬಿ, ಸೆಂಟ್ ಕ್ಯಾನ್, ಶಾಕ್ ಅಬ್ಸಾರ್ಬರ್ ಹಾಕಿದರೆ ಒಳಗಿನ ತೇವ ಹಬೆಯಾಗಿ ಲೋಹವನ್ನೆಲ್ಲ ಮೇಲಕ್ಕೆ ಚಿಮ್ಮಿಸುತ್ತೆ. ಮಳೆಗಾಲದಲ್ಲಿ ಸರಕನ್ನು ಕುಲುಮೆಯ ಅಂಚಿನಲ್ಲಿ ಬೆಚ್ಚಗೆ ಒಣಗಿಸಿಯೇ ಹಾಕಬೇಕು.

ಪಟಾಕಿ ಅಂಗಡಿ: ಕಾನೂನು ಏನು ಹೇಳುತ್ತೆ

ಸುರಸುರಬತ್ತಿಯ ಬೆಳಕು, ಹೂಕುಂಡದ ಬಿಳಿ ಮಳೆ ಎಲ್ಲ ಲೋಹದ ಪುಡಿಯ ಆಟ. ಅಲ್ಯೂಮಿನಿಯಂ ಬಿಳಿ ಬೆಳಕು ಕೊಡುತ್ತೆ, ಕಬ್ಬಿಣದ ರಜ ಚಿನ್ನದ ಬಣ್ಣದ ಚುಕ್ಕಿ ಕೊಡುತ್ತೆ. ಆಮ್ಲಜನಕವೂ ಮದ್ದಿನೊಳಗೇ ಇರೋದರಿಂದ ಉಸುಕು ಮುಚ್ಚಿದರೂ ಆರಲ್ಲ.

2023ರ ಅಕ್ಟೋಬರ್ 7ರಂದು ಬೆಂಗಳೂರು ಹೊರವಲಯದ ಅತ್ತಿಬೆಲೆಯಲ್ಲಿ ವಾಹನದಿಂದ ಪಟಾಕಿ ಇಳಿಸುತ್ತಿದ್ದಾಗ ಬೆಂಕಿ ಹತ್ತಿ ಅಂಗಡಿ, ಗೋದಾಮು ಸುಟ್ಟು 14 ಜನ ಅಂದೇ ಸತ್ತರು. ಅದಾದ ಮೇಲೆ ರಾಜ್ಯ ಸರ್ಕಾರ ಮೆರವಣಿಗೆ, ಮದುವೆ ಸಮಾರಂಭಗಳಲ್ಲಿ ಪಟಾಕಿ ಬೇಡ, ಹಸಿರು ಪಟಾಕಿ ಮಾತ್ರ ಇರಲಿ ಎಂದು ಬಿಗಿ ಮಾಡಿತು. ಹಸಿರು ಪಟಾಕಿ ಮಾತು ಮೊದಲು ಬಂದದ್ದು 2018ರ ಅಕ್ಟೋಬರ್ 23ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ. ಬೇರಿಯಂ ಲವಣದ ಪಟಾಕಿ, ಸರಪಟಾಕಿ ಬೇಡ ಎಂದದ್ದೂ ಅದೇ ತೀರ್ಪು.

ಹಬ್ಬದ ತಾತ್ಕಾಲಿಕ ಮಳಿಗೆಗೆ ಸ್ಫೋಟಕ ನಿಯಮಗಳು, 2008ರ ಪ್ರಕಾರ ಮುಖ್ಯ ಷರತ್ತುಗಳು:

- ಶೆಡ್ ಉರಿಯದ ವಸ್ತುವಿನದಿರಬೇಕು. ಬಿದಿರು ತಟ್ಟಿ, ಶಾಮಿಯಾನ ಬಟ್ಟೆ ನಡೆಯಲ್ಲ.
- ಒಂದು ಶೆಡ್‌ನಿಂದ ಇನ್ನೊಂದಕ್ಕೆ ಕನಿಷ್ಠ 3 ಮೀಟರ್ ಅಂತರ. ಜನವಸತಿ ಮುಂತಾದ ಕಟ್ಟಡಗಳಿಂದ 50 ಮೀಟರ್.
- ಶೆಡ್‌ಗಳು ಎದುರುಬದುರು ಇರಬಾರದು.
- ಎಣ್ಣೆ ದೀಪ, ಗ್ಯಾಸ್ ದೀಪ, ಬಯಲು ಬೆಂಕಿ ಯಾವುದೂ ಬೇಡ. ಲಕ್ಷ್ಮೀಪೂಜೆಯ ದೀಪ, ಊದಿನಕಡ್ಡಿ ಕೂಡ ಬೆಂಕಿಯೇ.
- ಬಲ್ಬು ವೈರಿನಲ್ಲಿ ನೇತಾಡಬಾರದು. ಗೋಡೆಗೋ ಚಾವಣಿಗೋ ಗಟ್ಟಿಯಾಗಿ ಕೂರಿಸಿರಬೇಕು. ಒಂದು ಸಾಲಿಗೆ ಒಂದು ಮೇನ್ ಸ್ವಿಚ್.
- ಶೆಡ್‌ನಿಂದ 50 ಮೀಟರ್ ಒಳಗೆ ಪಟಾಕಿ ಹಚ್ಚಿ ತೋರಿಸುವ ಹಾಗಿಲ್ಲ.
- ಒಂದೇ ಕಡೆ 50ಕ್ಕಿಂತ ಹೆಚ್ಚು ಮಳಿಗೆ ಇರಬಾರದು.

ವರ್ಷಪೂರ್ತಿ ಅಂಗಡಿ ಇಡುವವರ ಷರತ್ತು ಇನ್ನೂ ಬಿಗಿ. ನೆಲಮಾಳಿಗೆಯಲ್ಲಿ, ಮೆಟ್ಟಿಲ ಕೆಳಗೆ, ಮೇಲೆ ಮನೆ ಇರುವ ಕಟ್ಟಡದಲ್ಲಿ ಅಂಗಡಿ ಬೇಡ. ಬಾಗಿಲು ಹೊರಕ್ಕೆ ತೆರೆಯಬೇಕು, ತುರ್ತಿಗೆ ಇನ್ನೊಂದು ದಾರಿ ಇರಬೇಕು. ಲೈಸೆನ್ಸ್‌ನಲ್ಲಿ ಬರೆದ ತೂಕಕ್ಕಿಂತ ಒಂದು ಪೆಟ್ಟಿಗೆ ಹೆಚ್ಚಿದ್ದರೂ ಅದು ಉಲ್ಲಂಘನೆ. ಕಾಗದ ಸರಿ ಇಲ್ಲದಿದ್ದರೆ ಆಮೇಲೆ ವಿಮೆ ಕೇಳೋದೂ ಕಷ್ಟ.

ಉಳಿದ ಪಟಾಕಿಯನ್ನು ಮುಂದಿನ ವರ್ಷಕ್ಕೆ ಅಂತ ಅಟ್ಟದ ಮೇಲೆ ಇಡೋದು ನಿಲ್ಲಬೇಕು. ತೇವ ಹಿಡಿದ ಮದ್ದಿನಲ್ಲಿ ಅಲ್ಯೂಮಿನಿಯಂ ಪುಡಿ ಒಳಗೊಳಗೇ ಬಿಸಿಯಾಗಬಹುದು. ಬಿಸಿಲಿಗೆ ಒಣಗಿಸಿ ಮಾರೋದು ಇನ್ನೂ ಅಪಾಯ.

ಹಂಪಿ ಭಾಗದವರಿಗೆ

ಹಂಪಿ 1986ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಹೋಂಸ್ಟೇ, ಹೋಟೆಲ್, ಸಣ್ಣ ಅಂಗಡಿಗಳು ಹೆಚ್ಚು, ದಾರಿ ಇಕ್ಕಟ್ಟು. ಜಾತ್ರೆ, ಉತ್ಸವದ ದಿನ ಹೊಸಪೇಟೆಯಿಂದ ಅಗ್ನಿಶಾಮಕ ವಾಹನ ಬರೋಕೆ ಜನಸಂದಣಿ ದಾಟಬೇಕು. ಹೀಗಾಗಿ ಇಲ್ಲಿ ಪಟಾಕಿ ದಾಸ್ತಾನು, ಪೆಟ್ರೋಲ್ ಬಾಟಲಿ, ಹೆಚ್ಚುವರಿ ಸಿಲಿಂಡರ್ ಇಡದೇ ಇರುವುದೇ ಒಳ್ಳೆ ರಕ್ಷಣೆ. ಬಾಡಿಗೆ ಸ್ಕೂಟರ್‌ಗೆ ಬಾಟಲಿಯಲ್ಲಿ ಪೆಟ್ರೋಲ್ ಮಾರುವ ಜಾಗದ ಪಕ್ಕ ಒಲೆ ಇರಬಾರದು.

ಕಾಲೇಜು ಲ್ಯಾಬ್

ಪಿಯು, ಡಿಗ್ರಿ ಕಾಲೇಜುಗಳ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಸೋಡಿಯಂ ಸೀಮೆಎಣ್ಣೆಯಲ್ಲಿ ಮುಳುಗಿರುತ್ತೆ. ಸೀಮೆಎಣ್ಣೆ ಆವಿಯಾಗಿ ಇಳಿದಿದೆಯಾ ಅಂತ ರಜೆ ಮುಗಿದ ಕೂಡಲೇ ನೋಡಬೇಕು. ತುಂಡು ಕೊಯ್ಯುವಾಗ ಚಾಕು, ಕೈ, ಮೇಜು ಒಣಗಿರಬೇಕು, ಕಾಳಿನಷ್ಟು ಸಾಕು. ಉಳಿದ ಚೂರನ್ನು ಸಿಂಕಿಗೆ, ಕಸದ ಬುಟ್ಟಿಗೆ ಹಾಕಬಾರದು. ಸ್ಪಿರಿಟ್‌ನಲ್ಲಿ ನಿಧಾನಕ್ಕೆ ಕರಗಿಸೋದು ಮೇಷ್ಟ್ರ ಕೆಲಸ, ಹುಡುಗರದ್ದಲ್ಲ. ಲ್ಯಾಬಿನಲ್ಲಿ ಒಂದು ಬಕೆಟ್ ಒಣ ಉಸುಕು ಕಡ್ಡಾಯವಾಗಿ ಇರಲಿ.

ಮೊಬೈಲ್, ಇ-ಸ್ಕೂಟರ್ ಬ್ಯಾಟರಿ ಬೇರೆ ಲೆಕ್ಕ

ಲಿಥಿಯಂ ಅನ್ನೋ ಹೆಸರು ಕೇಳಿ ಇದೂ ಲೋಹದ ಬೆಂಕಿ ಅಂತ ಉಸುಕು ಹಾಕಿ ಸುಮ್ಮನಾಗುವವರಿದ್ದಾರೆ. ಮೊಬೈಲ್, ಇ-ಸ್ಕೂಟರ್‌ನ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಲಿಥಿಯಂ ಲೋಹದ ರೂಪದಲ್ಲಿ ಇರಲ್ಲ. ಇಲ್ಲಿ ಬೇಕಾಗಿದ್ದು ತಣಿಸೋದು, ಅಂದರೆ ಧಾರಾಳ ನೀರು. ಮೊದಲು ಚಾರ್ಜರ್‌ನ ಕರೆಂಟ್ ತೆಗೆಯಬೇಕು, ಹೊಗೆ ಕುಡಿಯಬಾರದು. ಆರಿದಂತೆ ಕಂಡರೂ ಮತ್ತೆ ಹೊತ್ತಬಹುದು, ಬಯಲಲ್ಲೇ ಬಿಡಿ. ಉಬ್ಬಿದ ಬ್ಯಾಟರಿಯನ್ನು ರಿಪೇರಿ ಅಂಗಡಿಯವರು ಡ್ರಾಯರ್‌ನಲ್ಲಿ ಇಡಬಾರದು. ರಾತ್ರಿ ಮಲಗುವ ಕೋಣೆಯಲ್ಲಿ, ಬಾಗಿಲಿಗೆ ಅಡ್ಡ ಇಟ್ಟು ಸ್ಕೂಟರ್ ಚಾರ್ಜ್ ಮಾಡಬಾರದು.

ಬೆಂಕಿ ಹತ್ತಿದರೆ

1. ಕೂಗಿ ಎಲ್ಲರನ್ನೂ ಹೊರಗೆ ಕಳಿಸಿ. ಸರಕು ಆಮೇಲೆ.
2. 112 ಅಥವಾ 101ಕ್ಕೆ ಕರೆ ಮಾಡಿ. "ಬೆಂಕಿ ಬಿದ್ದಿದೆ" ಅಂತಷ್ಟೇ ಹೇಳಿದರೆ ಸಾಲದು. "ಅಲ್ಯೂಮಿನಿಯಂ ಪುಡಿ ಇದೆ", "ಸ್ಪಾಂಜ್ ಇದೆ", "ಪಟಾಕಿ ಇದೆ" ಅಂತ ಹೇಳಿ. ಸಿಬ್ಬಂದಿ ನೀರಿನ ಪೈಪು ಹಿಡಿದು ಬರೋದೋ ಬೇರೆ ಸಿದ್ಧತೆಯೋ ಅನ್ನೋದು ಈ ಒಂದು ಮಾತಿನ ಮೇಲಿದೆ.
3. ಮೇನ್ ಸ್ವಿಚ್ ಹೊರಗಿದ್ದರೆ ತೆಗೆಯಿರಿ. ಫ್ಯಾನ್, ಬ್ಲೋವರ್ ನಿಲ್ಲಲಿ.
4. ಲೋಹದ ಬೆಂಕಿ ಬುಟ್ಟಿಯಷ್ಟು ಸಣ್ಣದಿದ್ದರೆ ಮಾತ್ರ ಒಣ ಉಸುಕು ಹೊದಿಸಿ. ಮುಖ ತಿರುಗಿಸಿಕೊಂಡಿರಿ, ಮೆಗ್ನೀಸಿಯಂ ಬೆಳಕನ್ನು ನೇರ ನೋಡಿದರೆ ಕಣ್ಣಿಗೆ ಹಾನಿ.
5. ಪಟಾಕಿ ರಾಶಿಗೆ ಹತ್ತಿದರೆ ಏನೂ ಮಾಡಬೇಡಿ, ಓಡಿ. ಶಟರ್ ಎಳೆದು ಒಳಗೆ ನಿಲ್ಲಬೇಡಿ.
6. ಹೊದಿಸಿದ ಉಸುಕನ್ನು ಅಂದೇ ಕೆದಕಬೇಡಿ. ಒಳಗೆ ಕೆಂಡ ಬದುಕಿರುತ್ತೆ.

ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ತಣ್ಣೀರು, ಆಮೇಲೆ ಒಗೆದ ಬಟ್ಟೆ ಮುಚ್ಚಿ 108. ಟೂತ್‌ಪೇಸ್ಟ್, ಶಾಯಿ, ಅರಿಶಿನ ಬೇಡ. ಆದರೆ ಮೈಮೇಲೆ ಲೋಹದ ಚೂರು, ಪುಡಿ ಇದ್ದರೆ ಮೊದಲು ಒಣ ಬಟ್ಟೆಯಿಂದ ಕೊಡವಿ, ಆಮೇಲೆ ನೀರು. ಕೆಲಸದ ಹೊತ್ತಲ್ಲಿ ಹತ್ತಿ ಬಟ್ಟೆ ಹಾಕಿ. ಟೆರಿಲಿನ್, ನೈಲಾನ್ ಕರಗಿ ಚರ್ಮಕ್ಕೆ ಅಂಟುತ್ತೆ.

ಯಾರ ಬಳಿ ಹೋಗಬೇಕು

2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಈ ಗೊಂದಲ ಉಳಿದಿದೆ. ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಗೆ ಸೇರಿವೆ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಇವೆ. ಪಟಾಕಿ ಮಳಿಗೆಯ ಪರವಾನಗಿಗೆ ಹೊಸಪೇಟೆ, ಹಂಪಿಯವರು ಹೊಸಪೇಟೆಯ ಜಿಲ್ಲಾಧಿಕಾರಿ ಕಚೇರಿಗೆ, ಸಂಡೂರು, ಕಂಪ್ಲಿಯವರು ಬಳ್ಳಾರಿಯ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ದೊಡ್ಡ ದಾಸ್ತಾನಿಗೆ ಕೇಂದ್ರದ ಸ್ಫೋಟಕ ಸುರಕ್ಷತಾ ಸಂಸ್ಥೆ ಪೆಸೊ ಅನುಮತಿ ಬೇಕು. ಕಾರ್ಖಾನೆಗಳ ದೂರು ಕಾರ್ಖಾನೆ, ಬಾಯ್ಲರ್, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ. ವ್ಯಾಪಾರ ಪರವಾನಗಿ ಆಯಾ ನಗರಸಭೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯಲ್ಲಿ.

ಗೋಡೆಗೆ ಅಂಟಿಸಿಕೊಳ್ಳಿ

- ಒಣ ಉಸುಕಿನ ಎರಡು ಬಕೆಟ್, ಮುಚ್ಚಳ ಸಮೇತ. ಬೀಡಿ ತುಂಡು ಹಾಕುವ ಜಾಗ ಅದಲ್ಲ.
- ಬಕೆಟ್ ಮೇಲೆ ಬರೆಯಿರಿ: "ಲೋಹದ ಬೆಂಕಿಗೆ ನೀರು ಬೇಡ".
- ಎಬಿಸಿ ಸಿಲಿಂಡರ್‌ನ ಮುಳ್ಳು ಹಸಿರಿನಲ್ಲಿದೆಯಾ? ತಿಂಗಳಿಗೊಮ್ಮೆ ನೋಡಿ. ಲೋಹದ ಪುಡಿ ಇದ್ದರೆ ಡಿ ವರ್ಗದ್ದೂ ಇರಲಿ.
- ತೊಲೆ, ಫ್ಯಾನ್ ಮೇಲಿನ ಧೂಳು ವಾರಕ್ಕೊಮ್ಮೆ.
- ಹಿಂಬಾಗಿಲಿಗೆ ಸರಕು ಅಡ್ಡ ಇಟ್ಟಿಲ್ಲ ತಾನೇ?
- ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಮೊದಲ ದಿನವೇ ಇದನ್ನೆಲ್ಲ ಹೇಳಿದ್ದೀರಾ? ಬೆಂಕಿ ಕಂಡ ಕೂಡಲೇ ನೀರಿನ ಬಕೆಟ್ ಹಿಡಿದು ಓಡಿಬರುವವನು ಸಾಮಾನ್ಯವಾಗಿ ಅವನೇ.

ತುರ್ತು ಕರೆಗೆ: ಅಗ್ನಿಶಾಮಕ 101, ಎಲ್ಲ ತುರ್ತು ಸೇವೆ 112, ಆಂಬುಲೆನ್ಸ್ 108.